2,752 ರೂಪಾಯಿ ಬಂತು, ಉಳಿದದ್ದು ಎಲ್ಲಿ? ಬೆಳೆಹಾನಿ ಪರಿಹಾರದ ಲೆಕ್ಕ ಕೇಳುವ ಬಗೆ

ಪ್ರಶ್ನೆ: ಕೊಡಗಿನ ಹಾರಂಗಿ ಹಿನ್ನೀರಿಗಿಂತ ಮೇಲಿನ ಊರು ನಮ್ಮದು. ಮೂರೂವರೆ ಎಕರೆ ಅರೇಬಿಕಾ ತೋಟ, ಹೊಳೆ ಬದಿಯಲ್ಲಿ 80 ಸೆಂಟ್ ಗದ್ದೆ. 2024ರ ಜುಲೈ ಮಳೆಗೆ ತೋಟದಲ್ಲಿ ಕಾಯಿ ಅರ್ಧಕ್ಕರ್ಧ ಉದುರಿತು. ಗದ್ದೆಗೆ ಹೊಳೆ ನುಗ್ಗಿ ಮರಳು ನಿಂತಿತು. ಅರ್ಜಿ ಕೊಟ್ಟೆವು, ಬಂದು ನೋಡಿಕೊಂಡೂ ಹೋದರು. ಕೊನೆಗೆ ಖಾತೆಗೆ ಬಿದ್ದದ್ದು 2,752 ರೂ. ಮಾತ್ರ. ಪಕ್ಕದ ತೋಟದವರಿಗೆ 45,000 ರೂ. ಬಂದಿದೆಯಂತೆ. ವಿಚಾರಿಸಿದರೆ 'ಕಂಪ್ಯೂಟರಿನಲ್ಲಿ ಅಷ್ಟೇ ತೋರಿಸುತ್ತಿದೆ' ಎನ್ನುತ್ತಾರೆ. ಗದ್ದೆ ನನ್ನ ಹೆಸರಿನಲ್ಲಿದೆ, ತೋಟ ಇನ್ನೂ ತೀರಿಹೋದ ದೊಡ್ಡಪ್ಪನವರ ಹೆಸರಿನಲ್ಲಿದೆ. ನನಗೆ ಬರಬೇಕಾದ್ದು ಎಷ್ಟು? ಊರಿನಲ್ಲಿ ಯಾರಿಗೆ ಎಷ್ಟು ಕೊಟ್ಟಿದ್ದಾರೆ ಎಂದು ನೋಡುವ ಹಕ್ಕು ನನಗಿದೆಯೇ?

ಉತ್ತರ: ಹಕ್ಕು ಇದೆ. ಆದರೆ ಅದಕ್ಕೂ ಮೊದಲು ನಿಮಗೆ ಬಂದ ಮೊತ್ತವನ್ನೇ ಒಮ್ಮೆ ಬಿಡಿಸಿ ನೋಡೋಣ, ಅರ್ಧ ಉತ್ತರ ಅದರಲ್ಲೇ ಇದೆ.

80 ಸೆಂಟ್ ಎಂದರೆ 0.32375 ಹೆಕ್ಟೇರ್. ಅದನ್ನು 8,500ರಿಂದ ಗುಣಿಸಿದರೆ 2,752 ರೂ. ಸರಿಯಾಗಿ ಬರುತ್ತದೆ. 8,500 ಎಂಬುದು ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ ಕೊಡುವ ದರ. ಅಂದರೆ ನಿಮ್ಮ ಗದ್ದೆಯ ಭತ್ತ ಹೋದದ್ದನ್ನು ದಾಖಲಿಸಿದ್ದಾರೆ, ಅದಕ್ಕೆ ಪೂರ್ತಿ ಕೊಟ್ಟಿದ್ದಾರೆ. ತೋಟದ ಕಾಫಿ ಲೆಕ್ಕಕ್ಕೆ ಬಂದೇ ಇಲ್ಲ. ಗದ್ದೆಯಲ್ಲಿ ನಿಂತ ಮರಳೂ ಬಂದಿಲ್ಲ. ನಿಮ್ಮ ಹಣ ಯಾರೋ ಕಡಿತ ಮಾಡಿದ್ದಲ್ಲ, ಎರಡು ಸಾಲುಗಳು ಬರೆಯಲ್ಪಡದೇ ಉಳಿದಿವೆ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಎಲ್ಲಿಗೆ ಹೋಗಿ ಏನು ಕೇಳಬೇಕು ಎಂಬುದು ಇದರ ಮೇಲೆಯೇ ನಿಂತಿದೆ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ದೋಷವಿಲ್ಲ, ಆಧಾರ್ ಜೋಡಣೆಯಲ್ಲೂ ಇಲ್ಲ. ಇದ್ದಿದ್ದರೆ ಆ 2,752 ರೂ. ಕೂಡ ಬರುತ್ತಿರಲಿಲ್ಲ. ಹಾಗಾಗಿ ಬ್ಯಾಂಕಿಗೆ ಅಲೆಯುವುದನ್ನು ಇಂದೇ ನಿಲ್ಲಿಸಿ.

ದರಗಳು ಎಲ್ಲಿಂದ ಬಂದವು ಎಂದು ತಿಳಿದಿರಲಿ. ರಾಜ್ಯ ವಿಪತ್ತು ಪರಿಹಾರ ನಿಧಿಯಲ್ಲಿ ನಮ್ಮಂಥ ರಾಜ್ಯಗಳಿಗೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಅದರಿಂದ ಯಾವುದಕ್ಕೆ ಎಷ್ಟು ಕೊಡಬೇಕು ಎಂದು ಕೇಂದ್ರ ಗೃಹ ಸಚಿವಾಲಯ ಮಾರ್ಗಸೂಚಿ ಹೊರಡಿಸುತ್ತದೆ. 2022ರ ಅಕ್ಟೋಬರ್‌ನಲ್ಲಿ ಪರಿಷ್ಕರಿಸಿದ, 2025-26ರವರೆಗಿನ ಮಾರ್ಗಸೂಚಿಯಂತೆ ಬೆಳೆಹಾನಿ ಶೇ. 33 ಅಥವಾ ಹೆಚ್ಚಿದ್ದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂ., ಖಚಿತ ನೀರಾವರಿ ಇರುವ ಬೆಳೆಗೆ 17,000 ರೂ., ಬಹುವಾರ್ಷಿಕ ಬೆಳೆಗೆ 22,500 ರೂ. ಕಾಫಿ, ಕಾಳುಮೆಣಸು, ಅಡಿಕೆ ಈ ಮೂರನೇ ಗುಂಪಿನವು. ಒಬ್ಬ ರೈತರಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ 4 ಎಕರೆ 94 ಸೆಂಟ್‌ವರೆಗೆ ಮಾತ್ರ. ತೀರ ಸಣ್ಣ ಹಿಡುವಳಿಯಾದರೂ ಮಳೆಯಾಶ್ರಿತಕ್ಕೆ 1,000, ನೀರಾವರಿಗೆ 2,000, ಬಹುವಾರ್ಷಿಕಕ್ಕೆ 2,500 ರೂ.ಗಿಂತ ಕಡಿಮೆ ಕೊಡುವಂತಿಲ್ಲ.

ಈಗ ನಿಮ್ಮ ತೋಟ. ಮೂರೂವರೆ ಎಕರೆ ಎಂದರೆ 1.4164 ಹೆಕ್ಟೇರ್. 22,500ರ ದರದಲ್ಲಿ 31,869 ರೂ. ಆಗುತ್ತದೆ. ತೋಟ, ಗದ್ದೆ ಎರಡೂ ಸೇರಿದರೆ 1.74 ಹೆಕ್ಟೇರ್, ಮಿತಿಯೊಳಗೇ ಇದೆ. ಪಕ್ಕದವರ 45,000 ರೂ.ಗೂ ಇದೇ ಲೆಕ್ಕ ಹಾಕಿ ನೋಡಿ: 2 ಹೆಕ್ಟೇರ್ ಗುಣಿಸು 22,500. ಅವರ ತೋಟ ಐದು ಎಕರೆ ಇರಲಿ, ಐವತ್ತು ಎಕರೆ ಇರಲಿ, ಮೊತ್ತ ಅಲ್ಲಿಗೇ ನಿಲ್ಲುತ್ತದೆ. ಹಾಗಾಗಿ ಆ ಅಂಕಿಯನ್ನಷ್ಟೇ ನೋಡಿ ಅವರ ಮೇಲೆ ಅನುಮಾನ ಪಡಬೇಡಿ. ಐದು ಎಕರೆ ಕಾಫಿ ಇದ್ದು ಮೂರನೇ ಒಂದು ಪಾಲು ಹಾಳಾಗಿದ್ದ ಯಾರಿಗಾದರೂ ಬರುವ ಮೊತ್ತ ಅದು.

ಈ ಹಣ ನಷ್ಟವನ್ನು ತುಂಬಿಕೊಡಲು ಬರುವುದಲ್ಲ. ಮುಂದಿನ ಬೆಳೆಗೆ ಗೊಬ್ಬರ, ಬೀಜಕ್ಕೆ ನೆರವಾಗಲಿ ಎಂದು ಕೊಡುವ ಇನ್‌ಪುಟ್ ಸಬ್ಸಿಡಿ. ಅದಕ್ಕೇ ಎಷ್ಟು ಮೂಟೆ ಕಾಫಿ ಹೋಯಿತು, ಮಾರುಕಟ್ಟೆ ದರ ಎಷ್ಟಿತ್ತು ಎಂಬುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. ಕೆಲವು ವರ್ಷ ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸಿ ಕೊಟ್ಟದ್ದೂ ಉಂಟು. 2021ರ ಡಿಸೆಂಬರ್‌ನಲ್ಲಿ ಆಗಿನ 6,800, 13,500, 18,000 ರೂ. ದರಗಳನ್ನು ಕ್ರಮವಾಗಿ 13,600, 25,000, 28,000ಕ್ಕೆ ಏರಿಸಿತ್ತು. 2025ರ ಮುಂಗಾರಿನ ಹಾನಿಗೆ ಮೂರೂ ದರಗಳ ಮೇಲೆ ಹೆಕ್ಟೇರಿಗೆ 8,500 ರೂ. ಹೆಚ್ಚುವರಿ ಘೋಷಿಸಿತು. ಆದ್ದರಿಂದ ಒಂದು ವರ್ಷದ ಹಾನಿಯನ್ನು ಇನ್ನೊಂದು ವರ್ಷದ ದರದಲ್ಲಿ ಅಳೆಯಬೇಡಿ. ಕಚೇರಿಗೆ ಹೋಗುವಾಗ 'ಹಾನಿಯಾದ ಹಂಗಾಮಿಗೆ ಅನ್ವಯಿಸುವ ಸರ್ಕಾರಿ ಆದೇಶದ ಪ್ರತಿ ಕೊಡಿ' ಎಂದೇ ಕೇಳಿ.

ಗದ್ದೆಯ ಮರಳಿಗೆ ಬೇರೆಯೇ ಶೀರ್ಷಿಕೆ ಇದೆ. ಕೃಷಿ ಭೂಮಿಯಲ್ಲಿ 3 ಅಂಗುಲಕ್ಕಿಂತ ದಪ್ಪ ಮರಳು ಅಥವಾ ಹೂಳು ನಿಂತರೆ ತೆಗೆಸಲು ಹೆಕ್ಟೇರಿಗೆ 18,000 ರೂ. ನೆರವು. 80 ಸೆಂಟ್‌ಗೆ 5,827 ರೂ. ಚಿಲ್ಲರೆ. ಇದಕ್ಕೆ ಎರಡು ಷರತ್ತು: ಹೂಳಿನ ದಪ್ಪವನ್ನು ಸಂಬಂಧಪಟ್ಟ ಅಧಿಕಾರಿ ಪ್ರಮಾಣೀಕರಿಸಬೇಕು, ಅದೇ ಕೆಲಸಕ್ಕೆ ಸರ್ಕಾರದ ಬೇರೆ ಯೋಜನೆಯ ನೆರವು ಸಿಕ್ಕಿರಬಾರದು. ನಿಮ್ಮ ಅರ್ಜಿಯಲ್ಲಿ 'ಗದ್ದೆ ಹಾಳಾಗಿದೆ' ಎಂದಷ್ಟೇ ಇದ್ದರೆ ಸಮೀಕ್ಷೆಗೆ ಬಂದವರು ಭತ್ತದ ಸಾಲನ್ನು ತುಂಬಿ ಹೋಗಿರುತ್ತಾರೆ. ದಪ್ಪ ಅಳೆದ ಉಲ್ಲೇಖ ಇಲ್ಲದಿದ್ದರೆ ಹೂಳಿನ ಸಾಲಿಗೆ ಆಧಾರವೇ ಇರುವುದಿಲ್ಲ.

ಬರೆ (ಗುಡ್ಡದ ಇಳಿಜಾರು) ಜರಿದು ಭೂಮಿಯೇ ಹೋದವರಿಗೆ ಇರುವುದು ಇನ್ನೊಂದು ಶೀರ್ಷಿಕೆ, ಹೆಕ್ಟೇರಿಗೆ 47,000 ರೂ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಮೊಣ್ಣಂಗೇರಿ ಕಡೆ ಗುಡ್ಡಗಳು ಇಳಿದಾಗ ಈ ದರ 37,500 ರೂ. ಇತ್ತು. ಇದು ಸಣ್ಣ ಮತ್ತು ಅತಿಸಣ್ಣ ರೈತರಿಗೆ ಮಾತ್ರ, ಅದರಲ್ಲೂ ಕಂದಾಯ ದಾಖಲೆಯಲ್ಲಿ ಮಾಲೀಕತ್ವ ಸ್ಪಷ್ಟವಾಗಿ ಇರುವವರಿಗೆ ಮಾತ್ರ. ಆ ಕೊನೆಯ ಷರತ್ತು ಕೊಡಗಿನಲ್ಲಿ ಎಷ್ಟು ಜನರನ್ನು ಹೊರಗೆ ನಿಲ್ಲಿಸುತ್ತದೆ ಎಂಬುದು ನಿಮ್ಮ ತೋಟದ ಕಥೆಯಿಂದಲೇ ಗೊತ್ತಾಗುತ್ತದೆ.

ತೋಟದ ಹಣ ಏಕೆ ಬರಲಿಲ್ಲ ಎಂಬುದಕ್ಕೆ ನೀವೇ ಕಾರಣ ಬರೆದಿದ್ದೀರಿ: ಆರ್‌ಟಿಸಿ, ಅಂದರೆ ಪಹಣಿ, ತೀರಿಹೋದ ದೊಡ್ಡಪ್ಪನವರ ಹೆಸರಿನಲ್ಲಿದೆ. ಹಣ ಹೋಗುವ ದಾರಿ ನೋಡಿ. ಗ್ರಾಮ ಆಡಳಿತ ಅಧಿಕಾರಿ 'ಪರಿಹಾರ' ತಂತ್ರಾಂಶದಲ್ಲಿ ಸರ್ವೆ ನಂಬರ್ ಹಾಕಿ ಹಾನಿಯ ವಿಸ್ತೀರ್ಣ ನಮೂದಿಸುತ್ತಾರೆ. ಮಾಲೀಕರ ಹೆಸರು, ವಿಸ್ತೀರ್ಣ ಭೂದಾಖಲೆ ತಂತ್ರಾಂಶವಾದ 'ಭೂಮಿ'ಯ ಆರ್‌ಟಿಸಿಯಿಂದ ಬರುತ್ತದೆ. ಆ ಮಾಲೀಕರ ಆಧಾರ್ ವಿವರ ರೈತರ ನೋಂದಣಿ ತಂತ್ರಾಂಶವಾದ 'ಫ್ರೂಟ್ಸ್'ನಲ್ಲಿರುವ ರೈತರ ಗುರುತಿನ ಸಂಖ್ಯೆಯಿಂದ, ಅಂದರೆ ಎಫ್‌ಐಡಿಯಿಂದ ಬರುತ್ತದೆ. ಆಮೇಲೆ ತಹಶೀಲ್ದಾರ್, ಜಿಲ್ಲಾಧಿಕಾರಿ ಹಂತದ ಅನುಮೋದನೆ ದಾಟಿ ಆಧಾರ್ ಜೋಡಣೆಯಾದ ಖಾತೆಗೆ ನೇರ ಜಮೆ. ತೀರಿಹೋದವರ ಹೆಸರಿನಲ್ಲಿ ಎಫ್‌ಐಡಿ ಮಾಡಿಸಲು ಬರುವುದಿಲ್ಲ. ತೋಟದಲ್ಲಿ ದುಡಿಯುವವರು ನೀವೇ ಆದರೂ ಸರಪಳಿಯ ಎರಡನೇ ಕೊಂಡಿ ಅಲ್ಲೇ ಕಳಚುತ್ತದೆ.

ಕೊಡಗಿನಲ್ಲಿ ಇದು ಒಂದಿಬ್ಬರ ಸಮಸ್ಯೆಯಲ್ಲ. ಜಮ್ಮಾ (ವಂಶಪಾರಂಪರ್ಯ ಹಿಡುವಳಿಯ) ಗದ್ದೆಯೂ ಅದಕ್ಕೆ ಸೇರಿದ ಬಾಣೆಯೂ (ಗುಡ್ಡದ ಜಾಗವೂ) ಒಕ್ಕದ (ಮನೆತನದ) ಪಟ್ಟೆದಾರರ, ಅಂದರೆ ಹಿರಿಯ ಯಜಮಾನರ, ಹೆಸರಿನಲ್ಲಿ ಉಳಿದು, ಒಳಗೆ ಅಣ್ಣತಮ್ಮಂದಿರು ಬಾಯಿಮಾತಿನ ಪಾಲಿನಲ್ಲಿ ತೋಟ ಮಾಡಿಕೊಂಡು ಬಂದಿರುವುದು ತಲೆಮಾರುಗಳ ರೂಢಿ. ಐನ್‌ಮನೆಯೊಳಗೆ (ಒಕ್ಕದ ಮೂಲ ಮನೆಯೊಳಗೆ) ಅದಕ್ಕೆ ಯಾರ ತಕರಾರೂ ಇಲ್ಲ. ತಂತ್ರಾಂಶಕ್ಕೆ ಮಾತ್ರ ಅದು ಕಾಣುವುದಿಲ್ಲ. ನಷ್ಟ ಎಷ್ಟೆಂದು ಒಂದು ಉದಾಹರಣೆ ನೋಡಿ. ಐವರು ಅಣ್ಣತಮ್ಮಂದಿರಿಗೆ ಸೇರಿದ 20 ಎಕರೆ ತೋಟ ಒಬ್ಬ ಪಟ್ಟೆದಾರರ ಹೆಸರಿನಲ್ಲಷ್ಟೇ ಇದ್ದರೆ 2 ಹೆಕ್ಟೇರ್ ಮಿತಿ ಒಮ್ಮೆ ಮಾತ್ರ ಅನ್ವಯ, ಬರುವುದು 45,000 ರೂ. ಅದೇ ತೋಟ ನಾಲ್ಕು ನಾಲ್ಕು ಎಕರೆಯಾಗಿ ಐದು ಆರ್‌ಟಿಸಿಗಳಲ್ಲಿದ್ದರೆ ಪ್ರತಿಯೊಬ್ಬರಿಗೂ ಸುಮಾರು 36,400 ರೂ., ಒಟ್ಟು 1.82 ಲಕ್ಷ ರೂ. ಮಳೆ ಅದೇ, ಉದುರಿದ ಕಾಯಿಯೂ ಅಷ್ಟೇ. ಕಾಗದ ಮಾತ್ರ ಬೇರೆ. ಈ ಅನ್ಯಾಯ ಸರಿಯಾಗಬೇಕಾದದ್ದು ಸರ್ಕಾರದ ಹಂತದಲ್ಲಿ. ಅಲ್ಲಿಯವರೆಗೆ ಕಾಯುವುದು ನಿಮಗೆ ಕಟ್ಟುವುದಿಲ್ಲ.

ನೀವು ಮಾಡಬೇಕಾದ್ದು: ದೊಡ್ಡಪ್ಪನವರ ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ಪಡೆದ ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್ ಪ್ರತಿ ಇಟ್ಟು ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ. ವಂಶವೃಕ್ಷದಲ್ಲಿ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಟ್ಟರೆ ಅರ್ಜಿ ತಕರಾರಿಗೆ ಹೋಗಿ ವರ್ಷಗಟ್ಟಲೆ ಕೂರುತ್ತದೆ, ಯಾರನ್ನೂ ಬಿಡಬೇಡಿ. ಪೌತಿಗೆ ಜಾಗ ಅಳೆಸುವ ಅಗತ್ಯವಿಲ್ಲ. ಎಲ್ಲರ ಹೆಸರೂ ಜಂಟಿಯಾಗಿ ಬರುತ್ತದೆ. ಆಮೇಲೆ ಒಪ್ಪಿ ವಿಭಾಗ ಮಾಡಿಕೊಳ್ಳುವುದಾದರೆ 11ಇ ನಕ್ಷೆ (ಭಾಗವಾಗುವ ಜಾಗದ ಅಳತೆಯ ನಕ್ಷೆ) ಬೇಕಾಗುತ್ತದೆ. ಖಾತೆಯಲ್ಲಿ ಹೆಸರು ಬಂದ ಕೂಡಲೇ ಫ್ರೂಟ್ಸ್‌ನಲ್ಲಿ ನಿಮ್ಮ ಎಫ್‌ಐಡಿಗೆ ಈ ಸರ್ವೆ ನಂಬರನ್ನೂ ಸೇರಿಸಿ. ನಿಮಗೆ ಗದ್ದೆಯ ಎಫ್‌ಐಡಿ ಈಗಾಗಲೇ ಇದೆ, ಹೊಸದು ಮಾಡಿಸಬೇಡಿ. ಎಫ್‌ಐಡಿ ಇದ್ದೂ ತೋಟ ಅದರಲ್ಲಿ ಸೇರದೇ ಇರುವುದನ್ನು ಬಹಳ ಜನ ಗಮನಿಸುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ, ಎಫ್‌ಐಡಿಯಡಿ ಯಾವ ಯಾವ ಸರ್ವೆ ನಂಬರ್ ಇವೆ ಎಂದು ತೆರೆದು ನೋಡಿ.

ಇನ್ನೊಂದು ಕಡೆಯೂ ನಿಮ್ಮ ಕಾಫಿ ಕಳೆದುಹೋಗಿರಬಹುದು: ಬೆಳೆ ಸಮೀಕ್ಷೆ. ಆರ್‌ಟಿಸಿಯ ಬೆಳೆ ಕಾಲಂಗೆ ಈಗ ಮೊಬೈಲ್ ಆ್ಯಪ್ ಮೂಲಕ ಮಾಡುವ ಸಮೀಕ್ಷೆಯ ಮಾಹಿತಿ ಹೋಗುತ್ತದೆ. ರೈತರು ಸ್ವತಃ ಮಾಡದಿದ್ದರೆ ಊರಿಗೆ ನೇಮಿಸಿದ ಖಾಸಗಿ ನಿವಾಸಿ ಮಾಡುತ್ತಾರೆ. ಜೋರು ಮಳೆಯಲ್ಲಿ ರಸ್ತೆ ಬದಿಯಿಂದಲೇ ಫೋಟೊ ತೆಗೆದರೆ ಕಾಣುವುದು ಸಿಲ್ವರ್ ಓಕ್, ಬಳಂಜಿ, ಹಲಸು. ಅದರ ಕೆಳಗಿನ ಕಾಫಿ ಫೋಟೊದಲ್ಲಿ ಬರುವುದಿಲ್ಲ. ಮಿಶ್ರ ಬೆಳೆ ಎಂದು ಹಾಕಿ ಮೂರೂವರೆ ಎಕರೆಯಲ್ಲಿ ಕಾಫಿಗೆ ಒಂದೂವರೆ ಎಕರೆ ಬರೆದಿದ್ದರೆ ಪರಿಹಾರದ ಲೆಕ್ಕವೂ ಒಂದೂವರೆಗೇ ಇಳಿಯುತ್ತದೆ. 'ಪಾಳು' ಎಂದು ಬರೆದಿದ್ದರೆ ಏನೂ ಇಲ್ಲ. 'ಬೆಳೆ ದರ್ಶಕ' ಆ್ಯಪ್‌ನಲ್ಲಿ ವರ್ಷ, ಋತು, ಊರು, ಸರ್ವೆ ನಂಬರ್ ಹಾಕಿದರೆ ಯಾವ ಬೆಳೆ, ಎಷ್ಟು ವಿಸ್ತೀರ್ಣ, ಯಾವ ಫೋಟೊ ಎಂದು ಕಾಣುತ್ತದೆ. ತಪ್ಪಿದ್ದರೆ ಆಕ್ಷೇಪಣೆಯನ್ನು ಅಲ್ಲಿಂದಲೇ ಸಲ್ಲಿಸಬಹುದು, ಅವಧಿ ಮುಗಿಯುವ ಮೊದಲು. ತೋಟ ಇರುವವರು ಪ್ರತಿ ಮುಂಗಾರಿನಲ್ಲಿ ಇದೊಂದನ್ನು ತಪ್ಪದೇ ನೋಡಬೇಕು.

ಪೈಸಾರಿ (ಸರ್ಕಾರಿ) ಜಾಗದಲ್ಲಿ ತೋಟ ಮಾಡಿಕೊಂಡಿರುವವರ ಪಾಡು ಕಷ್ಟವೇ. ಹೆಸರಿನ ಆರ್‌ಟಿಸಿ ಇಲ್ಲದೆ ಈ ವ್ಯವಸ್ಥೆಯಲ್ಲಿ ಹಣ ಹೊರಡುವುದಿಲ್ಲ. ಕಾಡಾನೆ ತುಳಿದ ಬೆಳೆಯ ಪರಿಹಾರ ಅರಣ್ಯ ಇಲಾಖೆಯದು. ಮೆಣಸು, ಅಡಿಕೆಯ ಹವಾಮಾನ ಆಧಾರಿತ ವಿಮೆಯ ದಾರಿಯೂ ಪೂರ್ತಿ ಬೇರೆ. ಅವೆರಡನ್ನೂ ಇದರೊಂದಿಗೆ ಬೆರೆಸಿ ಕೇಳಿದರೆ ಉತ್ತರ ಕೊಡದಿರಲು ಕಚೇರಿಗೆ ದಾರಿ ಮಾಡಿಕೊಟ್ಟಂತೆ.

ಈಗ ಊರಿನಲ್ಲಿ ಯಾರಿಗೆ ಎಷ್ಟು ಕೊಟ್ಟಿದ್ದಾರೆ ಎಂಬ ಪಟ್ಟಿಯ ವಿಷಯ.

ಮೊದಲು ದುಡ್ಡು ಖರ್ಚಿಲ್ಲದ ದಾರಿ. ಕಂದಾಯ ಇಲಾಖೆಯ ಭೂದಾಖಲೆ ಜಾಲತಾಣದಲ್ಲಿ 'ಪರಿಹಾರ' ಪಾವತಿ ವಿವರದ ಪುಟವಿದೆ. ವರ್ಷ, ಹಂಗಾಮು, ವಿಪತ್ತಿನ ವಿಧ ಆರಿಸಿ ಆಧಾರ್, ಎಫ್‌ಐಡಿ, ಮೊಬೈಲ್ ಅಥವಾ ಸರ್ವೆ ನಂಬರ್ ಮೂಲಕ ಹುಡುಕಬಹುದು. ಇಲ್ಲಿ ಬಹಳ ಜನ ಎಡವುವುದು ವಿಪತ್ತಿನ ವಿಧದಲ್ಲಿ. ಅತಿವೃಷ್ಟಿಯ ಹಣವನ್ನು 'ಬರ' ಎಂಬಲ್ಲಿ ಹುಡುಕಿ 'ದಾಖಲೆ ಇಲ್ಲ' ಎಂದು ಬಂದರೆ ಕೈಬಿಡುತ್ತಾರೆ. ನೀವು ಎರಡು ಸಲ ಹುಡುಕಿ: ಗದ್ದೆಯ ಸರ್ವೆ ನಂಬರ್ ಹಾಕಿ ಒಮ್ಮೆ, ತೋಟದ್ದು ಹಾಕಿ ಒಮ್ಮೆ. ತೋಟದ ಸರ್ವೆ ನಂಬರಿಗೆ ಏನೂ ಬರದಿದ್ದರೆ ನಮೂದೇ ಆಗಿಲ್ಲ. ನಮೂದಾಗಿ ಪಾವತಿ ವಿಫಲ ಎಂದಿದ್ದರೆ ಕಾರಣವೂ ಕಾಣುತ್ತದೆ. ಬೇರೆ ಓದುಗರಿಗಾಗಿ ಒಂದು ಮಾತು: ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಸಾಲದು, ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ಆ ಖಾತೆ ಜೋಡಣೆಯಾಗಿರಬೇಕು. ಹಣ ಹೋಗುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಮೊಬೈಲಿನಿಂದ *99*99*1# ಒತ್ತಿದರೆ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ತಿಳಿಯುತ್ತದೆ. ಎಷ್ಟೋ ಸಲ ಹಣ ಬಂದಿರುತ್ತದೆ, ಮರೆತುಹೋದ ಇನ್ಯಾವುದೋ ಖಾತೆಯಲ್ಲಿ ಕೂತಿರುತ್ತದೆ.

ಇಡೀ ಊರಿನ ಪಟ್ಟಿ, ಸಮೀಕ್ಷೆಯ ಹಾಳೆಗಳ ಸಮೇತ ಬೇಕೆಂದರೆ ಮಾಹಿತಿ ಹಕ್ಕು ಅಧಿನಿಯಮ, 2005. ಕಲಂ 4(1)(ಬಿ)ಯ 12ನೇ ಅಂಶದಂತೆ ಸಬ್ಸಿಡಿ ಕಾರ್ಯಕ್ರಮಗಳು ಹೇಗೆ ಜಾರಿಯಾಗುತ್ತಿವೆ, ಎಷ್ಟು ಹಣ ಹಂಚಿಕೆಯಾಗಿದೆ, ಫಲಾನುಭವಿಗಳು ಯಾರು ಎಂಬುದನ್ನು ಯಾರೂ ಕೇಳದೆಯೇ ಪ್ರಕಟಿಸುವುದು ಸಾರ್ವಜನಿಕ ಪ್ರಾಧಿಕಾರದ ಕರ್ತವ್ಯ. ಪಟ್ಟಿ ಕೇಳುವಾಗ ನೀವು ಉಪಕಾರ ಬೇಡುತ್ತಿಲ್ಲ, ಗೋಡೆಯ ಮೇಲೆ ಇರಬೇಕಾಗಿದ್ದ ಕಾಗದವನ್ನು ಕೇಳುತ್ತಿದ್ದೀರಿ. ಅದೇ ಕಲಂನ 4(1)(ಡಿ) ನಿಮಗೆ ಇನ್ನೂ ಹತ್ತಿರದ್ದು: ಆಡಳಿತದ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣ ತಿಳಿಸಬೇಕು. 'ಕಂಪ್ಯೂಟರಿನಲ್ಲಿ ಅಷ್ಟೇ ಇದೆ' ಎಂಬುದು ಕಾರಣವಲ್ಲ.

ಅರ್ಜಿ ತಾಲ್ಲೂಕು ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ. ಶುಲ್ಕ 10 ರೂ., ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಅಂಚೆ ಕಚೇರಿಯ ಪೋಸ್ಟಲ್ ಆರ್ಡರ್ ಲಗತ್ತಿಸಬಹುದು, ರಾಜ್ಯದ ಆನ್‌ಲೈನ್ ಆರ್‌ಟಿಐ ತಾಣದಲ್ಲೂ ಸಲ್ಲಿಸಬಹುದು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಮಳೆ, ಅಧಿಕಾರಿ, ಪಕ್ಕದ ತೋಟ, ಹಳೆ ಜಗಳ ಎಲ್ಲ ಸೇರಿಸಿ ಎರಡು ಪುಟ ಬರೆದರೆ ಅದೇ ನೆಪದಲ್ಲಿ ಅರ್ಜಿ ವಾಪಸು ಬರುತ್ತದೆ. ಹೀಗೆ ಬರೆದರೆ ಸಾಕು:

'ವಿಷಯ: 2024ರ ಮುಂಗಾರು ಅತಿವೃಷ್ಟಿ ಬೆಳೆಹಾನಿ ಪರಿಹಾರ, ಇಂಥ ಗ್ರಾಮ. ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ. 1) ಗ್ರಾಮದ ಜಂಟಿ ಸಮೀಕ್ಷೆಯ ಹಾಳೆಗಳು: ಸರ್ವೆ ನಂಬರ್, ಬೆಳೆ, ಹಾನಿಯ ವಿಸ್ತೀರ್ಣ, ಶೇಕಡಾವಾರು, ಸಮೀಕ್ಷೆಯ ದಿನಾಂಕ, ಸಹಿ ಮಾಡಿದವರ ಹುದ್ದೆ. 2) ಪರಿಹಾರ ತಂತ್ರಾಂಶದಿಂದ ಗ್ರಾಮದ ಫಲಾನುಭವಿಗಳ ಪಟ್ಟಿ: ಹೆಸರು, ಸರ್ವೆ ನಂಬರ್, ಬೆಳೆ, ವಿಸ್ತೀರ್ಣ, ಮೊತ್ತ, ಪಾವತಿ ಸ್ಥಿತಿ. ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಸಂಖ್ಯೆ ಬೇಕಾಗಿಲ್ಲ. 3) ತಿರಸ್ಕೃತ ಅರ್ಜಿಗಳ ಪಟ್ಟಿ, ಕಾರಣ ಸಹಿತ. 4) ಅನ್ವಯವಾದ ದರದ ಸರ್ಕಾರಿ ಆದೇಶ. ಅಧಿನಿಯಮದ ಕಲಂ 4(1)(ಬಿ)(12)ರಂತೆ ಇವು ಸ್ವಯಂ ಪ್ರಕಟಿಸಬೇಕಾದ ಮಾಹಿತಿಗೆ ಸಂಬಂಧಿಸಿವೆ.'

ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ಬೇಡ ಎಂಬ ಆ ಒಂದು ವಾಕ್ಯವನ್ನು ಬಿಡಬೇಡಿ. ಕಲಂ 8(1)(ಜೆ) ವೈಯಕ್ತಿಕ ಮಾಹಿತಿಯನ್ನು ಹೊರತುಪಡಿಸುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ ಮೂಲಕ ಆ ಕಲಂ ಇನ್ನಷ್ಟು ಅಗಲವಾಗಿದೆ, 2025ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಇನ್ನು ಮುಂದೆ ಇದೇ ಕಾರಣ ಕೊಟ್ಟು ಪಟ್ಟಿ ನಿರಾಕರಿಸುವುದು ಹೆಚ್ಚಾಗಬಹುದು, ನನ್ನ ಮಟ್ಟಿಗೆ ಇದು ನಿಜವಾದ ಚಿಂತೆ. ಆದರೆ 4(1)(ಬಿ) ಹಾಗೇ ಇದೆ. ಸಾರ್ವಜನಿಕ ಹಿತ ಹೆಚ್ಚೆನಿಸಿದರೆ ಮಾಹಿತಿ ಕೊಡಬಹುದು ಎನ್ನುವ 8(2) ಕೂಡ ಇದೆ. ಕೊಡಬಾರದ ಭಾಗ ತೆಗೆದು ಉಳಿದದ್ದನ್ನು ಕೊಡಿ ಎನ್ನುವ ಕಲಂ 10 ಇದೆ. ಪಕ್ಕದ ತೋಟದವರ ಹೆಸರು ಹಾಕಿ 'ಇವರಿಗೆ ಎಷ್ಟು ಕೊಟ್ಟಿರಿ' ಎಂದು ಕೇಳಿದರೆ ಅದು ಖಾಸಗಿ ವಿಚಾರದಂತೆ ಕಾಣುತ್ತದೆ, ಊರಿನಲ್ಲಿ ಮನಸ್ತಾಪವೂ ಆಗುತ್ತದೆ. ಗ್ರಾಮವಾರು ಪಟ್ಟಿ ಕೇಳಿದರೆ ಅದು ಸಾರ್ವಜನಿಕ ಹಣದ ಲೆಕ್ಕ.

30 ದಿನದೊಳಗೆ ಉತ್ತರ ಬರಬೇಕು. ಪ್ರತಿಗೆ ಪುಟಕ್ಕೆ 2 ರೂ. ಕೇಳುತ್ತಾರೆ. ಗಡುವು ಮೀರಿದರೆ ಕಲಂ 7(6)ರಂತೆ ಉಚಿತವಾಗಿ ಕೊಡಬೇಕು. ಬರದಿದ್ದರೆ, ಅಥವಾ ಬಂದದ್ದು ಅರೆಬರೆಯಾಗಿದ್ದರೆ, 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದಲ್ಲಿ ಸರದಿ ಉದ್ದ. ಹಾಗಾಗಿ ಮೊದಲ ಮೇಲ್ಮನವಿಯಲ್ಲೇ ಕಲಂಗಳನ್ನು ಉಲ್ಲೇಖಿಸಿ ಗಟ್ಟಿಯಾಗಿ ಬರೆಯುವುದು ಲಾಭ. ತಾಲ್ಲೂಕು ಕಚೇರಿ 'ಇದು ನಮ್ಮಲ್ಲಿಲ್ಲ, ತೋಟಗಾರಿಕೆ ಇಲಾಖೆಯಲ್ಲಿದೆ' ಎಂದರೆ ಅರ್ಜಿ ವಾಪಸು ತೆಗೆದುಕೊಳ್ಳಬೇಡಿ, ಕಲಂ 6(3)ರಂತೆ ಐದು ದಿನದೊಳಗೆ ಅಲ್ಲಿಗೆ ವರ್ಗಾಯಿಸುವುದು ಅವರ ಕೆಲಸ.

ಪಟ್ಟಿ ಕೈಗೆ ಬಂದ ಮೇಲೆ ಓದುವುದು ಹೇಗೆ? ಹೆಸರುಗಳನ್ನು ಬದಿಗಿಟ್ಟು ಅಂಕಿಗಳನ್ನು ನೋಡಿ. ಪ್ರತಿ ಮೊತ್ತವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಮೂರು ದರಗಳಲ್ಲಿ ಒಂದು ಸಿಗಬೇಕು, ಕನಿಷ್ಠ ಮೊತ್ತದವು ಬಿಟ್ಟು. ಒಂದೇ ಸರ್ವೆ ನಂಬರಿಗೆ ಹಂಚಿದ ಒಟ್ಟು ವಿಸ್ತೀರ್ಣ ಆರ್‌ಟಿಸಿಯ ವಿಸ್ತೀರ್ಣ ಮೀರಿದ್ದರೆ ಅಲ್ಲೊಂದು ಗೆರೆ ಎಳೆಯಿರಿ. ಒಬ್ಬರದೇ ಒಟ್ಟು 2 ಹೆಕ್ಟೇರ್ ದಾಟಿದ್ದರೆ ಅಲ್ಲಿಯೂ. ನದಿ, ರಸ್ತೆ, ಪೈಸಾರಿ ಎಂದು ದಾಖಲೆಯಲ್ಲಿರುವ ನಂಬರಿಗೆ ಹಣ ಹೋಗಿದ್ದರೆ ಕೇಳಲೇಬೇಕು. ಸಮೀಕ್ಷೆಯ ಹಾಳೆಯಲ್ಲಿ ಶೇಕಡಾವಾರು ಕಾಲಂ ಮೇಲಿನಿಂದ ಕೆಳಗಿನವರೆಗೆ ಒಂದೇ ಅಂಕಿ ಇದ್ದರೆ, ಒಂದೇ ದಿನಾಂಕದಲ್ಲಿ ನೂರಾರು ತೋಟ ನೋಡಿದಂತಿದ್ದರೆ, ಆ ಹಾಳೆ ತೋಟದಲ್ಲಿ ಬರೆದದ್ದೋ ಮೇಜಿನ ಮೇಲೆ ಬರೆದದ್ದೋ ಎಂದು ಪ್ರಶ್ನಿಸಲು ನಿಮಗೆ ಕಾರಣವಿದೆ. ಕಾಫಿಯ ಹಾನಿಗೆ ಕಂದಾಯ ಇಲಾಖೆಯೊಂದಿಗೆ ಕಾಫಿ ಮಂಡಳಿಯವರ ಸಹಿ ಇದೆಯೇ ಎಂಬುದನ್ನೂ ನೋಡಿ.

ತಪ್ಪು ಸಿಕ್ಕಿದರೆ ಅದು ಬೆರಳಚ್ಚಿನ ತಪ್ಪೋ ಬೇಕೆಂದೇ ಮಾಡಿದ್ದೋ ನೀವು ತೀರ್ಮಾನಿಸಬೇಡಿ. ಸರ್ವೆ ನಂಬರ್, ಅಂಕಿ, ಪುಟಸಂಖ್ಯೆ ಹಾಕಿ ಜಿಲ್ಲಾಧಿಕಾರಿಗೆ ಬರೆಯಿರಿ. ವಿಪತ್ತು ನಿರ್ವಹಣಾ ಅಧಿನಿಯಮ, 2005ರ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಅದೇ ಅಧಿನಿಯಮದ ಕಲಂ 52 ಸುಳ್ಳು ಹಕ್ಕು ಹೇಳಿ ನೆರವು ಪಡೆಯುವುದನ್ನೂ, ಕಲಂ 53 ಪರಿಹಾರದ ಹಣ ದುರುಪಯೋಗವನ್ನೂ ಎರಡು ವರ್ಷದವರೆಗಿನ ಸಜೆಯ ಅಪರಾಧವೆಂದು ಹೇಳುತ್ತವೆ. ಗ್ರಾಮಸಭೆಯಲ್ಲಿ ಪಟ್ಟಿ ಓದಿಸಿ ನಡಾವಳಿಯಲ್ಲಿ ದಾಖಲಿಸುವಂತೆಯೂ ಕೇಳಬಹುದು. ಊರವರೆಲ್ಲ ಕೂತಿರುವಾಗ ಯಾವ ತೋಟ ಯಾರದ್ದು ಎಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ, ಅದಕ್ಕಿಂತ ಒಳ್ಳೆಯ ತಪಾಸಣೆ ಬೇರೆಲ್ಲೂ ಆಗದು.

ನಿಮ್ಮ ಸ್ವಂತ ಬಾಕಿಗೆ ಬೇರೆ ಅರ್ಜಿ ಕೊಡಿ, ಮೇಲಿನದರ ಜೊತೆ ಸೇರಿಸಬೇಡಿ. ತಹಶೀಲ್ದಾರರಿಗೆ ಬರೆದು ಜಿಲ್ಲಾಧಿಕಾರಿಗೆ ಪ್ರತಿ: ತೋಟದ ಸರ್ವೆ ನಂಬರ್, ಹಾನಿಯ ವರ್ಷ, ಆಗ ಕೊಟ್ಟ ಅರ್ಜಿಯ ಸ್ವೀಕೃತಿ, ಪೌತಿ ಅರ್ಜಿಯ ಸಂಖ್ಯೆ, ಹೂಳಿನ ನೆರವು ಕೊಡದಿರಲು ಕಾರಣ ತಿಳಿಸಿ ಎಂಬ ಕೋರಿಕೆ. ಮುದ್ರೆ ಹಾಕಿದ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಡಬೇಡಿ. ಉತ್ತರ ಬರದಿದ್ದರೆ 1902 ಜನಸ್ಪಂದನ ಸಹಾಯವಾಣಿಯಲ್ಲಿ ದೂರು ದಾಖಲಿಸಿ ಸಂಖ್ಯೆ ಪಡೆದುಕೊಳ್ಳಿ. ತಂತ್ರಾಂಶದಲ್ಲಿ ಆ ಹಂಗಾಮಿನ ನಮೂದು ಮುಚ್ಚಿದ ಮೇಲೆ ಗ್ರಾಮ ಆಡಳಿತ ಅಧಿಕಾರಿಯ ಕೈಯಲ್ಲಿ ಏನೂ ಉಳಿದಿರುವುದಿಲ್ಲ, ಅವರ ಮೇಲೆ ಸಿಟ್ಟಾಗಿ ಫಲವಿಲ್ಲ. ಹಳೆಯ ಹಾನಿಯ ಹಣ ಹೊರಡಿಸುವುದು ಕಷ್ಟದ ಕೆಲಸವೇ. ಲಿಖಿತ ಕೋರಿಕೆ ಇಲ್ಲದಿದ್ದರೆ ಅದು ಸಾಧ್ಯವೇ ಇಲ್ಲ.

ಮುಂದಿನ ಕಕ್ಕಡದ (ಜುಲೈ-ಆಗಸ್ಟ್‌ನ) ಮಳೆಗೆ ಒಂದು ಸಿದ್ಧತೆ ಇರಲಿ. ಉದುರಿದ ಕಾಯಿ ಹದಿನೈದು ದಿನದೊಳಗೆ ತರಗಿನ ಜೊತೆ ಕೊಳೆತು ಕಪ್ಪಾಗುತ್ತದೆ. ಸಮೀಕ್ಷೆಯವರು ಬರುವ ಹೊತ್ತಿಗೆ ಗಿಡ ಹಸಿರಾಗಿ ನಿಂತಿರುತ್ತದೆ, 'ನಷ್ಟ ಎಲ್ಲಿದೆ ತೋರಿಸಿ' ಎಂದರೆ ತೋರಿಸಲು ನೆಲದ ಮೇಲೆ ಏನೂ ಇರುವುದಿಲ್ಲ. ಆದ್ದರಿಂದ ಮಳೆ ಹಿಡಿಯುವ ಮೊದಲೇ ತೋಟದ ಬೇರೆ ಬೇರೆ ಮೂಲೆಗಳಲ್ಲಿ ಹತ್ತು ಗಿಡ ಗುರುತು ಮಾಡಿ. ಪ್ರತಿ ಗಿಡದಲ್ಲಿ ನಾಲ್ಕು ದಿಕ್ಕಿಗೆ ಒಂದೊಂದು ರೆಕ್ಕೆಗೆ (ಕಾಯಿ ಬಿಡುವ ಕೊಂಬೆಗೆ) ಬಣ್ಣದ ದಾರ ಕಟ್ಟಿ, ಕಾಯಿ ಎಣಿಸಿ ಬರೆದಿಡಿ. ಮಳೆ ಬಿಟ್ಟ ದಿನ ಅವೇ ರೆಕ್ಕೆಗಳನ್ನು ಮತ್ತೆ ಎಣಿಸಿ. ಮೊದಲು ನೂರಿದ್ದ ಕಡೆ ಅರವತ್ತೇಳು ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 33 ದಾಟಿತು. ಗಿಡದ ಬುಡದ ಕಾಯಿ, ದಾರ ಕಟ್ಟಿದ ರೆಕ್ಕೆ, ತೋಟದ ಗುರುತು ಸಿಗುವ ಒಂದು ಮರ ಅಥವಾ ಕಲ್ಲು, ಮೂರೂ ಬರುವಂತೆ ಸ್ಥಳ-ಸಮಯ ಮುದ್ರೆಯಾಗುವ ಕ್ಯಾಮೆರಾ ಆ್ಯಪ್‌ನಲ್ಲಿ ಫೋಟೊ ತೆಗೆಯಿರಿ. ಗದ್ದೆಯಲ್ಲಿ ಹೂಳು ನಿಂತರೆ ಅಡಿಕೋಲನ್ನು ಹಳೆಯ ಗದ್ದೆ ಮಣ್ಣು ತಾಗುವವರೆಗೆ ಇಳಿಸಿ, ಅಂಗುಲದ ಗೆರೆ ಕಾಣುವಂತೆ ನಾಲ್ಕೈದು ಕಡೆ ಫೋಟೊ. ಸಮೀಕ್ಷೆಯವರು ಬಂದಾಗ ಇವುಗಳ ಪ್ರತಿ ಕೊಟ್ಟು, ಮಹಜರಿನಲ್ಲಿ ಸಹಿ ಹಾಕುವ ಮುನ್ನ ಮೂರು ಕಾಲಂ ಓದಿ: ಬೆಳೆ, ವಿಸ್ತೀರ್ಣ, ಶೇಕಡಾವಾರು. ಕಾಫಿಯ ಸಾಲು ಖಾಲಿ ಇದ್ದರೆ ಅದನ್ನು ತುಂಬಿಸಿದ ಮೇಲೆಯೇ ಸಹಿ ಹಾಕಿ.